ಗಾಡಿಯ ಹಿಂಬದಿ

ಗಂಗಾವತಿ, 2024 ಡಿಸೆಂಬರ್ 5, ಗುರುವಾರ

ಇವತ್ತು ನಮ್ಮ ಗೋದಾಮಿನಲ್ಲಿ ಒಂದು ಜೀವ ಗೇಣು ಅಂತರದಲ್ಲಿ ಉಳಿಯಿತು. ರಾತ್ರಿ ಊಟಕ್ಕೆ ಕೂತಾಗಲೂ ಅದೇ ಕಣ್ಣ ಮುಂದೆ ಬಂತು. ಬರೆದಿಟ್ಟೇ ಮಲಗುತ್ತೇನೆ.

ಹೊಸ ನೆಲ್ಲು ಬರುವ ಕಾಲ ಇದು. ಮಿಲ್ಲಿನ ಗೇಟಿನ ಹೊರಗೆ ಟ್ರ್ಯಾಕ್ಟರ್‌ಗಳ ಸಾಲು, ಒಳಗೆ ಸೋನಾ ಮಸೂರಿ ಲೋಡಿಂಗ್. ಹತ್ತೂವರೆ ಇರಬೇಕು. ಆರು ತಿಂಗಳಿಂದ ಫೋರ್ಕ್‌ಲಿಫ್ಟ್, ಅಂದರೆ ಮುಂದಿನ ಎರಡು ಕಬ್ಬಿಣದ ಫೋರ್ಕಿನಿಂದ ಭಾರ ಎತ್ತುವ ಗಾಡಿ, ಓಡಿಸುತ್ತಿರುವ ಹುಡುಗ 25 ಕಿಲೋದ 40 ಚೀಲ ಅಟ್ಟಿದ ಹಲಗೆ, ಅಂದರೆ ಪ್ಯಾಲೆಟ್ ಎತ್ತಿಕೊಂಡು ಬಲಕ್ಕೆ ಹೊರಳಿಸಿದ. ಮುಂದೆ ದಾರಿ ಖಾಲಿ ಇತ್ತು. ಆದರೆ ಎಡಗಡೆ, ಚೀಲದ ಅಟ್ಟಿಯ ಮೂಲೆಯಲ್ಲಿ, ಕಸ ಹೊಡೆಯುವ ಅವ್ವ ಬಗ್ಗಿ ಚೆಲ್ಲಿದ ಅಕ್ಕಿ ಗುಡಿಸುತ್ತಿದ್ದಳು. ಗಾಡಿ ಬಲಕ್ಕೆ ತಿರುಗಿದಂತೆ ಅದರ ಹಿಂಭಾಗ ಎಡಕ್ಕೆ ಬೀಸಿಕೊಂಡು ಹೋಯಿತು. ನಾನು ಎಷ್ಟು ಜೋರಾಗಿ ಒದರಿದೆನೋ ಗೊತ್ತಿಲ್ಲ, ಗಂಟಲು ಇನ್ನೂ ಉರಿಯುತ್ತಿದೆ. ಹುಡುಗ ಬ್ರೇಕ್ ಒತ್ತಿದಾಗ ಅವ್ವನ ಸೊಂಟಕ್ಕೂ ಗಾಡಿಯ ಹಿಂದಿನ ಕಬ್ಬಿಣಕ್ಕೂ ನಡುವೆ ಒಂದು ಗೇಣು ಉಳಿದಿತ್ತು. ಆಕೆಯ ಬೆನ್ನ ಹಿಂದೆ ಅಟ್ಟಿ. ಸರಿಯೋಕೆ ಜಾಗವೇ ಇರಲಿಲ್ಲ.

"ಏನಾಗಿಲ್ಲ ಬಿಡಪ್ಪಾ, ಯಾಕ ಹಂಗ ಒದರ್ತಿ?" ಅಂದು ಅವ್ವ ಮತ್ತೆ ಕಸಬರಿಗೆ ಹಿಡಿದಳು. ಹುಡುಗನ ಕೈ ನಡುಗುತ್ತಿತ್ತು. ಫೋರ್ಕು ನೆಲಕ್ಕೆ ಇಳಿಸಿ, ಹ್ಯಾಂಡ್‌ಬ್ರೇಕ್ ಹಾಕಿಸಿ, ಕೀ ನಾನು ತೆಗೆದುಕೊಂಡೆ. ಹಮಾಲರಿಗೆಲ್ಲ ಕೂಡ್ರಿ ಅಂದೆ.

"ಅಣ್ಣಾ, ನಾ ಮುಂದ ನೋಡ್ಕೋತನ ಹೊಂಟಿದ್ದೆ" ಅಂದ ಹುಡುಗ. ಅವನ ಮಾತು ಸುಳ್ಳಲ್ಲ. ಕಾರು, ಟ್ರ್ಯಾಕ್ಟರ್ ಕಲಿತವರಿಗೆಲ್ಲ ಕಣ್ಣು ಮುಂದೆಯೇ ಇರುತ್ತದೆ, ಯಾಕೆಂದರೆ ಅಲ್ಲಿ ತಿರುಗುವುದು ಮುಂದಿನ ಗಾಲಿ. ಫೋರ್ಕ್‌ಲಿಫ್ಟಿನಲ್ಲಿ ಮುಂದಿನ ಗಾಲಿ ಭಾರ ಹೊರುತ್ತದೆ, ತಿರುಗುವುದು ಹಿಂದಿನದು. ಸ್ಟೇರಿಂಗ್ ಪೂರ್ತಿ ಹೊರಳಿಸಿದರೆ ಮೂತಿ ಇದ್ದಲ್ಲೇ ಇರುತ್ತದೆ, ಹಿಂಭಾಗ ಬಾಗಿಲಿನಂತೆ ಬೀಸುತ್ತದೆ. ಮುಂದೆ ಎತ್ತುವ ಭಾರವನ್ನು ತೂಗಲಿಕ್ಕೆ ಎರಕದ ದಪ್ಪ ಕಬ್ಬಿಣ ಕೂರಿಸಿರುವುದೂ ಅಲ್ಲೇ. ನಮ್ಮದು 3 ಟನ್ ಎತ್ತುವ ಗಾಡಿ, ಖಾಲಿ ಇದ್ದಾಗಲೇ 4 ಟನ್ನಿನ ಮೇಲೆ ತೂಗುತ್ತದೆ. ಆ ತೂಕ ಮೆಲ್ಲಗೆ ಒತ್ತಿದರೂ ಮನುಷ್ಯನ ಎಲುಬು ತಡೆಯುವುದಿಲ್ಲ.

ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ ಅನ್ನಿಸಿತು. ಹೊಟ್ಟು ತುಂಬಿದ ಚೀಲ ಒಂದನ್ನು ತರಿಸಿ, ಅವ್ವ ನಿಂತಿದ್ದ ಜಾಗದಲ್ಲೇ ಅಟ್ಟಿಗೆ ಆನಿಸಿ ನಿಲ್ಲಿಸಿದೆ. ಎಲ್ಲರನ್ನೂ ದೂರ ಕಳಿಸಿ, ಅದೇ ತಿರುವನ್ನು ಅಷ್ಟೇ ನಿಧಾನವಾಗಿ ಮತ್ತೆ ತೆಗೆದುಕೊಳ್ಳಲು ಹುಡುಗನಿಗೆ ಹೇಳಿದೆ. ಚೀಲ ಅಟ್ಟಿಗೆ ಅಪ್ಪಚ್ಚಿಯಾಗಿ, ಹೊಲಿಗೆ ಬಿಚ್ಚಿ, ಹೊಟ್ಟೆಲ್ಲ ಹೊರಗೆ ಸುರಿಯಿತು. ಗಾಡಿಯೊಳಗೆ ಕೂತವನಿಗೆ ಒಂದು ಕುಲುಕೂ ಗೊತ್ತಾಗಲಿಲ್ಲವಂತೆ. ಯಾರೂ ಮಾತಾಡಲಿಲ್ಲ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದು ಕೂತಳು.

ಆಮೇಲೆ ನೀರು ಕೊಟ್ಟು ಕೇಳಿದೆ, ಗಾಡಿ ಓಡಾಡುವಾಗಲೇ ಯಾಕೆ ಗುಡಿಸ್ತಿ ಅಂತ. "ಗಾಲಿ ಹತ್ತಿದ್ರ ಅಕ್ಕಿ ನುಚ್ಚಾಗ್ತೈತ್ರಿ. ನುಚ್ಚಾದ್ರ ಬೈತಾರ." ನನಗೆ ಉತ್ತರ ಹೊಳೆಯಲಿಲ್ಲ. ಆಕೆಯನ್ನು ಆ ಮೂಲೆಗೆ ತಂದು ನಿಲ್ಲಿಸಿದ್ದು ನಾವು, ನಮ್ಮ ಬೈಗುಳ. ಗೋಡೆ ಮೇಲೆ "ಎಚ್ಚರಿಕೆ" ಅಂತ ಕೆಂಪಕ್ಷರದಲ್ಲಿ ಬರೆಸಿದ್ದೇವೆ. ಆಕೆಗೆ ಓದು ಬರುವುದಿಲ್ಲ. ರಿವರ್ಸ್ ಹಾರ್ನ್ ಇದೆ, ಆದರೆ ಗಾಡಿ ಮುಂದಕ್ಕೆ ಹೋಗುತ್ತಿದ್ದುದರಿಂದ ಅದು ಕೂಗಲೇ ಇಲ್ಲ. ಕೂಗಿದ್ದರೂ ಮಿಲ್ಲಿನ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಹುಡುಗನನ್ನು ಜೊತೆಗೆ ಕೂರಿಸಿಕೊಂಡೆ. ಎಷ್ಟು ಭಾರ ಎತ್ತಬಹುದು ಅಂತ ಬರೆದ ಗಾಡಿಯ ಮೇಲಿನ ತಗಡನ್ನು ಓದಿಸಿದೆ. 3 ಟನ್ ಅನ್ನುವುದು ಭಾರದ ನಡು ಫೋರ್ಕಿನ ಬುಡದಿಂದ 500 ಮಿಲಿಮೀಟರ್ ಒಳಗಿದ್ದಾಗ ಮಾತ್ರ. ನಡು ಮುಂದಕ್ಕೆ ಹೋದಷ್ಟೂ ಎತ್ತುವ ಶಕ್ತಿ ಇಳಿಯುತ್ತದೆ. ಉದ್ದನೆಯ ಮಷಿನ್ ಎತ್ತುವಾಗ ತೂಕ ಒಂದನ್ನೇ ಕೇಳಿದರೆ ಸಾಲದು. ಖಾಲಿ ಗಾಡಿ ಮಗುಚುವುದಿಲ್ಲ ಅಂತ ಅವನು ತಿಳಿದಿದ್ದ. ಇದು ಬಹಳ ಮಂದಿಯ ತಲೆಯಲ್ಲಿದೆ. ಗಾಡಿ ಆತುಕೊಂಡಿರುವುದು ಮುಂದಿನ ಎರಡು ಗಾಲಿ ಮತ್ತು ಹಿಂದಿನ ಅಚ್ಚಿನ ನಟ್ಟನಡುವಿನ ಒಂದು ಬಿಂದುವಿನ ಮೇಲೆ. ಮುಂದೆ ಅಗಲ, ಹಿಂದೆ ಚೂಪು. ಭಾರ ಇಳಿಸಿದೊಡನೆ ತೂಕವೆಲ್ಲ ಹಿಂದಿನ ಚೂಪಿನ ಕಡೆಗೆ ಸರಿಯುತ್ತದೆ. ಹಾಗಾಗಿ ಖಾಲಿ ಗಾಡಿಯನ್ನು ಜೋರಾಗಿ ತಿರುಗಿಸಿದರೇ ಪಕ್ಕಕ್ಕೆ ಉರುಳುವ ಭಯ ಹೆಚ್ಚು. ಸಂಜೆ ಕೆಲಸ ಮುಗಿಸಿ ಶೆಡ್ಡಿಗೆ ಹೋಗುವಾಗ ಇವನು ಹೇಗೆ ತಿರುಗಿಸುತ್ತಾನೆ ಅಂತ ನಾನು ದಿನಾ ನೋಡುತ್ತಿದ್ದೆ, ಹೇಳಿರಲಿಲ್ಲ. ಆ ತಪ್ಪು ನನ್ನದು.

ಉರುಳಿದರೆ ಏನು ಮಾಡ್ತಿ ಅಂದೆ. "ಜಿಗೀತೀನಿ" ಅಂದ. ಹಿಂದೆ ಬೇರೆ ಕಡೆ ಕೆಲಸಕ್ಕಿದ್ದಾಗ ನನ್ನ ಜೊತೆಯವನೊಬ್ಬ ಹಾಗೇ ಜಿಗಿದಿದ್ದ. ತಲೆಯ ಮೇಲಿನ ಚೌಕಟ್ಟು ಅವನ ಕಾಲ ಮೇಲೆ ಬಿತ್ತು. ಜಿಗಿಯುವವನು ಬೀಳುವುದು ಗಾಡಿ ಬೀಳುವ ಕಡೆಗೇ. ಬೆಲ್ಟ್ ಹಾಕಿರಬೇಕು, ಸ್ಟೇರಿಂಗ್ ಗಟ್ಟಿ ಹಿಡಿದು, ಕಾಲು ಒತ್ತಿ ಊರಿ, ಬೀಳುವ ಕಡೆಗೆ ವಿರುದ್ಧವಾಗಿ ವಾಲಬೇಕು. ಸೀಟು ಬಿಡಬಾರದು. ಅವನಿಂದ ಮೂರು ಸಲ ಮಾಡಿಸಿದೆ.

ಫೋರ್ಕು ಏರಿಳಿಯುವ ಮುಂದಿನ ಕಂಬ, ಅಂದರೆ ಮಾಸ್ಟಿನ ಸರಪಳಿಯನ್ನೂ ಅಳೆದೆವು. ಹೊಸದಿದ್ದಾಗಿನ ಉದ್ದಕ್ಕಿಂತ ನೂರಕ್ಕೆ 3ರಷ್ಟು ಹಿಗ್ಗಿದರೆ ಬದಲಿಸಲೇಬೇಕು. ನಮ್ಮದು ಇನ್ನೂ ಸರಿಯಿದೆ. ಸರಪಳಿ ಅಂದರೆ ಈಗ ಈ ಭಾಗದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಸರಪಳಿ ಹರಿದು ಕೊಚ್ಚಿಹೋದಾಗ ನೆಲ್ಲು ಹಚ್ಚಿದವರ ಮನೆಗಳಲ್ಲಿ ಒಲೆ ಹಚ್ಚಲು ಮನಸ್ಸಿರಲಿಲ್ಲ. ಹುಡುಗನ ಮನೆಯಲ್ಲೂ. ಅಳತೆ ಪಟ್ಟಿ ಹಿಡಿದು ಒಂದೊಂದೇ ಕೊಂಡಿ ನೋಡಿದ, ನಾನು ಹೇಳುವ ಮೊದಲೇ ಎಣ್ಣೆ ಒರೆಸಿ ನೋಡಿದ.

ಸಾವುಕಾರರ ಜೊತೆ ಮಾತು ಸುಲಭವಾಗಲಿಲ್ಲ. "ಲಾರಿ ನಿಂತ್ರ ಬಾಡಿಗಿ ಯಾರು ಕೊಡ್ತಾರ?" ಅಂದರು. ಹರಿದ ಹೊಟ್ಟಿನ ಚೀಲ ಅಲ್ಲೇ ಬಿದ್ದಿತ್ತು. ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಏನ್ ಮಾಡ್ಬೇಕಂತಿ ಹೇಳು" ಅಂದರು. ನಾನು ಕೇಳಿದ್ದು ಮೂರೇ. ನಡೆಯುವವರಿಗೆ ಹಳದಿ ಗೆರೆಯ ದಾರಿ, ಗಾಡಿಗೆ ನೆಲದ ಮೇಲೆ ಬೆಳಕು ಬೀಳಿಸುವ ನೀಲಿ ದೀಪ, ಎರಡು ಲಾರಿಗಳ ನಡುವೆ ಗುಡಿಸಲು ಹತ್ತು ನಿಮಿಷ. ದೀಪ ಮುಂದಿನ ವಾರ ಅಂದರು. ಬಣ್ಣ ಸಂಜೆಯೇ ಬಂತು, ಹಮಾಲರೇ ಗೆರೆ ಎಳೆದರು, ಸ್ವಲ್ಪ ಸೊಟ್ಟಗಾಗಿದೆ.

ಆ ಹತ್ತು ನಿಮಿಷ ಗಾಡಿಯ ಕೀ ಯಾರ ಹತ್ತಿರ ಇರಬೇಕು ಅನ್ನುವುದು ಕೊನೆಗೆ ಬಂದ ಪ್ರಶ್ನೆ. ನನ್ನ ಹತ್ತಿರ ಇದ್ದರೆ ಅವಸರದಲ್ಲಿ ನಾನೇ ಕೊಟ್ಟುಬಿಡಬಹುದು. ಅವ್ವನಿಗೆ ಕೊಟ್ಟೆ. "ನನಗ್ಯಾಕ್ರಿ ಇದು?" ಅಂದಳು. ನೀನು ಗುಡಿಸಿ ಮುಗಿಸೋ ತನಕ ಯಾರೂ ಗಾಡಿ ಹತ್ತಂಗಿಲ್ಲ, ಸಾವುಕಾರರು ಕೇಳಿದರೂ ಕೊಡಬೇಡ ಅಂದೆ. ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಐದು ಗಂಟೆಯ ಲಾರಿ ಹೋದ ಮೇಲೆ ಮೂಲೆ ಮೂಲೆ ಗುಡಿಸಿದಳು, ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ. ಮೊರದಲ್ಲಿ ಅಕ್ಕಿ ಕೇರಿ ಇಟ್ಟು, ಗಂಟು ಬಿಚ್ಚಿ, ಹುಡುಗನ ಅಂಗೈಯಲ್ಲಿ ಕೀ ಇಟ್ಟಳು.

"ತಗೋ ತಮ್ಮಾ, ನಂದಾತು."