ಚೆಕ್‌ಸಮ್ ಸರಿಯಿದ್ದ ಕೆಟ್ಟ ಪ್ಯಾಕೆಟ್

ಪೀಣ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಇಂಟರ್ನೆಟ್ ಒದಗಿಸುವ ಸಣ್ಣ ಸಂಸ್ಥೆಯೊಂದರ ರೌಟರ್ ಕಳೆದ ಮಳೆಗಾಲದಲ್ಲಿ ಹೊತ್ತುಗೊತ್ತಿಲ್ಲದೆ ರೀಬೂಟ್ ಆಗತೊಡಗಿದಾಗ, ಕಾರಣ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ವಿದ್ಯುತ್ತಿನ ಏರಿಳಿತವೇ ಕಾರಣವೆಂದು ನಂಬಿ ಅವರು ಯುಪಿಎಸ್ ಕೂಡ ಬದಲಿಸಿದ್ದರು. ನಾನು ಸ್ವಿಚ್‌ನಲ್ಲಿ ಪೋರ್ಟ್ ಮಿರರಿಂಗ್ (ಒಂದು ಪೋರ್ಟ್‌ನಲ್ಲಿ ಹಾದುಹೋಗುವುದರ ನಕಲನ್ನು ಇನ್ನೊಂದಕ್ಕೆ ಕಳಿಸುವ ಏರ್ಪಾಡು) ಹಾಕಿ, ರೌಟರ್‌ಗೆ ಹೋಗುವ ಪ್ಯಾಕೆಟ್‌ಗಳನ್ನೆಲ್ಲ, ಅಂದರೆ ದತ್ತಾಂಶದ ಸಣ್ಣ ಕಟ್ಟುಗಳನ್ನೆಲ್ಲ, ಲ್ಯಾಪ್‌ಟಾಪ್‌ನಲ್ಲಿ ಸೆರೆಹಿಡಿದೆ. ಪ್ರತಿ ಸಲವೂ ರೌಟರ್ ಬೀಳುವುದಕ್ಕೆ ತುಸು ಮುಂಚೆ ಒಂದೇ ಬಗೆಯ ಪ್ಯಾಕೆಟ್ ಬಂದಿರುತ್ತಿತ್ತು.

ಇಂಟರ್ನೆಟ್‌ನ ಐಪಿವಿ4 ನಿಯಮದ ಪ್ಯಾಕೆಟ್‌ನ ತಲೆಭಾಗದಲ್ಲಿ ವಿಳಾಸ, ಉದ್ದ ಮುಂತಾದವನ್ನು ಹೊತ್ತ ಹೆಡರ್ ಇರುತ್ತದೆ. ಅದರ ಮೊದಲ ಬೈಟ್ ಹೆಕ್ಸ್‌ನಲ್ಲಿ (ಹದಿನಾರರ ಆಧಾರದ ಸಂಖ್ಯೆಯಲ್ಲಿ) ಸಾಮಾನ್ಯವಾಗಿ 45 ಎಂದಿರುತ್ತದೆ. ಅದರಲ್ಲಿ 4 ಆವೃತ್ತಿಯನ್ನೂ, 5 ನಾಲ್ಕು ಬೈಟ್‌ಗಳ ಲೆಕ್ಕದಲ್ಲಿ ಹೆಡರ್‌ನ ಉದ್ದ ನಾಲ್ಕೈದಲ ಇಪ್ಪತ್ತು ಬೈಟ್ ಎಂಬುದನ್ನೂ ಹೇಳುತ್ತದೆ. ಇಲ್ಲಿ ಇದ್ದದ್ದು 46, ಅಂದರೆ ಹೆಡರ್ 24 ಬೈಟ್. ಆದರೆ ಹೆಡರ್ ಮತ್ತು ದತ್ತಾಂಶ ಸೇರಿದ ಒಟ್ಟು ಉದ್ದ 20 ಎಂದು ಅದೇ ಹೆಡರ್ ಹೇಳುತ್ತಿತ್ತು. ರೌಟರ್‌ನ ತಂತ್ರಾಂಶ ಹಿಂದುಮುಂದು ನೋಡದೆ 20ರಿಂದ 24 ಕಳೆಯುತ್ತಿತ್ತು. ಋಣಸಂಖ್ಯೆಗೆ ಎಡೆಯಿಲ್ಲದ 16 ಬಿಟ್‌ಗಳಲ್ಲಿ ಸೊನ್ನೆಗಿಂತ ಕೆಳಗಿಳಿದ ಲೆಕ್ಕ ಮೇಲಿನ ತುದಿಯಿಂದ ಮುಂದುವರಿಯುವುದರಿಂದ ಅದರ ಉತ್ತರ 65532. ಅಷ್ಟು ದತ್ತಾಂಶ ಇದೆಯೆಂದೇ ತಿಳಿದು ಅದು ತನಗೆ ಸೇರದ ಮೆಮೊರಿಗೆ ಕೈಹಾಕಿ ಕುಸಿಯುತ್ತಿತ್ತು.

ಹೆಡರ್ ಕೆಟ್ಟಿದೆಯೇ ಎಂದು ನೋಡಲು ಅದರಲ್ಲೇ ಬರೆದಿಡುವ ತಾಳೆಸಂಖ್ಯೆಯಾದ ಚೆಕ್‌ಸಮ್ ಮಾತ್ರ ಸರಿಯಾಗಿಯೇ ಇತ್ತು. ದಾರಿಯಲ್ಲಿ ಬಿಟ್ ಕೆಟ್ಟಿದ್ದರೆ ಅದು ತಾಳೆಯಾಗುತ್ತಿರಲಿಲ್ಲವಾದ್ದರಿಂದ, ಪ್ಯಾಕೆಟ್ ಹುಟ್ಟುವಾಗಲೇ ಹೀಗಿತ್ತೆಂದು ಖಚಿತವಾಯಿತು. ದಾಳಿಯೇ ಇರಬಹುದೆಂದು ನನಗೆ ನಿಜಕ್ಕೂ ಆತಂಕವಾಯಿತು. ಮೂಲ ವಿಳಾಸವನ್ನು ಯಾರು ಬೇಕಾದರೂ ಸುಳ್ಳಾಗಿ ಬರೆಯಬಹುದಾದ್ದರಿಂದ, ಅದನ್ನು ನಂಬದೆ ಸ್ವಿಚ್‌ನ ಪೋರ್ಟ್ ಹಿಡಿದು ಹುಡುಕುತ್ತ ಹೋದೆವು. ಕೊನೆಗೆ ಸಿಕ್ಕಿದ್ದು ಕಾರ್ಖಾನೆಯೊಂದರ ಲೇತ್ ಯಂತ್ರಕ್ಕೆ ಜೋಡಿಸಿದ್ದ ನಿಗಾ ಸಾಧನ. ಅದು ಹೆಡರ್‌ಗೆ ನಾಲ್ಕು ಬೈಟ್‌ಗಳ ಆಪ್ಷನ್ (ಐಚ್ಛಿಕ ಭಾಗ) ಸೇರಿಸಿ, ಒಟ್ಟು ಉದ್ದವನ್ನು ಹಾಗೆಯೇ ಬಿಟ್ಟಿತ್ತು.

ದಾಳಿಯಲ್ಲವೆಂದು ಉಳಿದವರು ನಿಟ್ಟುಸಿರು ಬಿಟ್ಟರೂ ನನಗೆ ಸಮಾಧಾನವಾಗಲಿಲ್ಲ. ಸಾಧನವೊಂದು ಅರಿಯದೆ ಕಳಿಸಿದ್ದನ್ನು ಅರಿತವನು ನಾಲ್ಕಾರು ಸಾಲುಗಳ ಪ್ರೋಗ್ರಾಂನಿಂದ ಕಳಿಸಬಲ್ಲ. 65535 ಬೈಟ್‌ಗಳ ಮಿತಿ ಮೀರುವ ತುಣುಕುಗಳನ್ನು ಕಳಿಸಿ ಕಂಪ್ಯೂಟರ್‌ಗಳನ್ನು ಕೆಡವುತ್ತಿದ್ದ ‘ಪಿಂಗ್ ಆಫ್ ಡೆತ್’ 1996ರಷ್ಟು ಹಳೆಯದು. ಒಟ್ಟು ಉದ್ದ ಹೆಡರ್‌ಗಿಂತ ಕಡಿಮೆಯಿದ್ದರೆ ಪ್ಯಾಕೆಟ್ಟನ್ನು ಸದ್ದಿಲ್ಲದೆ ಬಿಸಾಡಬೇಕೆಂದು ರೌಟರ್‌ಗಳು ಪಾಲಿಸಬೇಕಾದ ನಿಯಮಗಳ ದಾಖಲೆಯಾದ 1995ರ ಆರ್‌ಎಫ್‌ಸಿ 1812 ಸ್ಪಷ್ಟವಾಗಿ ಹೇಳುತ್ತದೆ. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ಈ ಪರೀಕ್ಷೆಯನ್ನು ಮಾಡುತ್ತದೆ. ಆದರೆ ಈ ರೌಟರ್ ವೇಗಕ್ಕಾಗಿ ಕರ್ನಲ್ಲನ್ನು ಬದಿಗಿಟ್ಟು, ಅದರೊಂದಿಗೆ ಈ ಕಾವಲನ್ನೂ ಕಳೆದುಕೊಂಡಿತ್ತು.

ಸದ್ಯಕ್ಕೆ ಇಂಥ ಪ್ಯಾಕೆಟ್‌ಗಳನ್ನು ರೌಟರ್‌ಗೂ ಮೊದಲೇ, ಲಿನಕ್ಸ್ ಯಂತ್ರವೊಂದರಲ್ಲಿ ತಡೆದಿದ್ದೇವೆ. ಅಲ್ಲಿ ಅವುಗಳನ್ನು ಎಣಿಸುತ್ತೇವೆಯೇ ಹೊರತು ಒಂದೊಂದನ್ನೂ ಲಾಗ್‌ಗೆ ಬರೆಯುವುದಿಲ್ಲ, ಏಕೆಂದರೆ ಪ್ರವಾಹದಂತೆ ಬಂದರೆ ಲಾಗ್ ಬರೆಯುವ ಕೆಲಸವೇ ಸಿಪಿಯುವನ್ನು ಮುಳುಗಿಸೀತು. ಸೆರೆಹಿಡಿದ ಪ್ಯಾಕೆಟ್‌ಗಳ ಸಮೇತ ಎರಡೂ ತಯಾರಕರಿಗೆ ವರದಿ ಕಳಿಸಿದ್ದೇವೆ. ಅದೇ ತಂತ್ರಾಂಶ ಬೇರೆಯವರ ರೌಟರ್‌ಗಳಲ್ಲೂ ಇರುವುದರಿಂದ, ತಿದ್ದುಪಡಿ ಬರುವ ತನಕ ಮಾದರಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.