ಮೈಸೂರಿಂದ ಪವಿತ್ರ ನಾಡಿಗೆ (ಯೇಸು ಬಾಳಿದ ಇಸ್ರೇಲ್, ಪ್ಯಾಲೆಸ್ತೀನ್ ಕಡೆಗೆ) ಗುಂಪಲ್ಲಿ ಹೊರಡೋರಿಗೆ

ವಾಪಸ್ ಬರುವ ದಿನದಿಂದಾಚೆಗೂ ಪಾಸ್‌ಪೋರ್ಟಿಗೆ 6 ತಿಂಗಳ ಅವಧಿ ಇರಲಿ. ವೀಸಾ ಅರ್ಜಿ, ಟಿಕೆಟ್ ಎರಡರಲ್ಲೂ ಹೆಸರು ಒಂದೇ ಥರ ಇರಬೇಕು. ಇನಿಷಿಯಲ್ ಬಿಡಿಸಿ ಬರೆಯೋದ್ರಲ್ಲೇ ನಮ್ಮ ಕಡೆಯವರು ಸಿಕ್ಕಿಬೀಳೋದು. ಬಲಿಪೂಜೆ (ಚರ್ಚಿನ ಮಾಸ್) ಬೇಕಿದ್ದರೆ ಆಯಾ ಚರ್ಚಿನಲ್ಲಿ ಮುಂಚೆಯೇ ಸಮಯ ಕಾಯ್ದಿರಿಸಬೇಕು. ಜೊತೆಗೆ ಬರುವ ಫಾದರ್ ತಮ್ಮ ಧರ್ಮಪ್ರಾಂತದ (ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ) ಪತ್ರ ಇಟ್ಟುಕೊಂಡಿರಲಿ.

ಬೆತ್ಲೆಹೇಮಿನಲ್ಲಿ ಯೇಸು ಹುಟ್ಟಿದರೆಂದು ನಂಬುವ ಗುಹೆಯ ಮೇಲಿರುವ ಬೆಸಿಲಿಕಾದ (ದೊಡ್ಡ ಚರ್ಚಿನ) ಬಾಗಿಲು ಬರೀ 4 ಅಡಿ ಎತ್ತರ, ಬಗ್ಗಿಯೇ ಹೋಗಬೇಕು. ಬೆನ್ನಿನ ಬ್ಯಾಗ್ ಮೇಲಿನ ಕಲ್ಲಿಗೆ ತಗಲುತ್ತೆ, ಮುಂದಕ್ಕೆ ಹಾಕಿಕೊಳ್ಳಿ. ಗುಹೆಗಿಳಿಯುವ ಮೆಟ್ಟಿಲು ಸವೆದು ಜಾರುತ್ತವೆ, ರಬ್ಬರ್ ಸೋಲಿನ ಶೂ ಬೇಕು. ಯೇಸು ಹುಟ್ಟಿದ ಜಾಗವನ್ನು ಗುರುತಿಸುವ 14 ಮೊನೆಯ ಬೆಳ್ಳಿ ನಕ್ಷತ್ರದ ಮುಂದೆ ಮಂಡಿಯೂರಲು ರಶ್ಶಿನಲ್ಲಿ ಸಿಗೋದು ಕೆಲವೇ ಸೆಕೆಂಡು. ಫೋಟೊನೋ ಪ್ರಾರ್ಥನೆನೋ, ಸಾಲಲ್ಲಿರುವಾಗಲೇ ತೀರ್ಮಾನಿಸಿ. (ಫೋಟೊ ಬಿಡಿ ಅನ್ನೋದೇ ನನ್ನ ಸಲಹೆ.)

ಮೋಶೆಗೆ ದೇವರು ಹತ್ತು ಕಟ್ಟಳೆ ಕೊಟ್ಟರೆಂದು ನಂಬುವ ಈಜಿಪ್ಟಿನ ಸಿನಾಯ್ ಬೆಟ್ಟ 2,285 ಮೀಟರ್. ಒಂಟೆ ಕೊನೆಯ ಸುಮಾರು 750 ಮೆಟ್ಟಿಲ ಬುಡದವರೆಗೆ ಮಾತ್ರ. ಆಮೇಲೆ ಕಾಲೇ ಗತಿ. ಹೊರಡುವ ಮುಂಚೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಮಂಡಿ ತಡೆಯುತ್ತಾ ನೋಡಿ. ರಾತ್ರಿ ಹತ್ತುವುದರಿಂದ ಟಾರ್ಚು, ಸ್ವೆಟರು ಮರೆಯಬೇಡಿ.

ಮೃತ ಸಮುದ್ರಕ್ಕೆ ಇಳಿಯುವ ಹಿಂದಿನ ದಿನ ಶೇವ್ ಬೇಡ. ನೀರಿನ ಮೂರನೇ ಒಂದು ಭಾಗ ಉಪ್ಪೇ, ಗೀರಿದ್ದಲ್ಲೆಲ್ಲ ಉರಿಯುತ್ತೆ.