ಬೆನ್ನು ಮರೆತ ಮುಖಪುಟ

ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಕೈಯಿಂದ ದುಡ್ಡು ಹಾಕಿ ಪುಸ್ತಕ ತರುವವರು ಕಲಾವಿದರನ್ನು ಕೇಳುವುದು ಒಂದೇ ಮಾತು: ‘ಮುಖಪುಟಕ್ಕೊಂದು ಚಿತ್ರ ಮಾಡಿಕೊಡಿ ಸರ್.’ ಚಿತ್ರ ಬರುತ್ತದೆ. ಡಿಟಿಪಿಯವರು ಅದರ ಮೇಲೆ ಹೆಸರು ಕೂರಿಸಿ, ಪುಸ್ತಕದ ಬೆನ್ನಿಗೆ, ಅಂದರೆ ಪುಟಗಳನ್ನು ಅಂಟಿಸಿದ ಬದಿಗೆ, ಯಾವುದೋ ಬಣ್ಣ ತುಂಬುತ್ತಾರೆ. ಬೈಂಡಾಗಿ ಬಂದಾಗ ಆ ಬಣ್ಣ ಮುಖಪುಟದ ಎಡಗಡೆ 2 ಮಿ.ಮೀ. ಇಣುಕುತ್ತಿರುತ್ತದೆ.

ಮುಂಬದಿ, ಬೆನ್ನು, ಹಿಂಬದಿ ಮೂರೂ ಒಂದೇ ಹಾಳೆ. ಸತ್ಯಜಿತ್ ರೇ ಇದನ್ನು ಚೆನ್ನಾಗಿ ಬಲ್ಲವರು. ಸಿನಿಮಾ ತೆಗೆಯುವ ಮೊದಲೇ, 1943ರಲ್ಲಿ, ಅವರು ಕಲ್ಕತ್ತೆಯ ಡಿ.ಜೆ. ಕೀಮರ್ ಜಾಹೀರಾತು ಕಂಪನಿ ಸೇರಿದ್ದರು. ಜೊತೆಗೆ ಸಿಗ್ನೆಟ್ ಪ್ರೆಸ್ ಎಂಬ ಪ್ರಕಾಶನಕ್ಕೆ ಮುಖಪುಟ, ಒಳಚಿತ್ರ, ಅಕ್ಷರ ಎಲ್ಲ ಬರೆಯುತ್ತಿದ್ದರು. ಮುಂದೆ ‘ರೇ ರೋಮನ್’ ಎಂಬ ಇಂಗ್ಲಿಷ್ ಅಕ್ಷರಮಾಲೆಯನ್ನೂ ರೂಪಿಸಿದರು. ಜಿಮ್ ಕಾರ್ಬೆಟ್‌ರ ಬೇಟೆಯ ಪುಸ್ತಕ ‘ಕುಮಾವೂನಿನ ನರಭಕ್ಷಕಗಳು’ ಇದರ ಬಂಗಾಳಿ ಅನುವಾದಕ್ಕೆ ಅವರು ಮಾಡಿದ ಹೊದಿಕೆ ಪೂರ್ತಿ ಹುಲಿಚರ್ಮ. ಮುಂದೆ ಗುಂಡು ಹೊಕ್ಕ ಸಣ್ಣ ತೂತು, ಹಿಂದೆ ಅದೇ ಗುಂಡು ಹೊರಬಿದ್ದ ದೊಡ್ಡ ತೂತು. ನಡುವಿನ ಪುಟಗಳೇ ಹುಲಿಯ ಮೈ! ಇಂಥ ವಿನ್ಯಾಸಕ್ಕೆ ಇನ್ನೊಂದು ಲಾಭವೂ ಇದೆ: ಚಿತ್ರ ಬೆನ್ನನ್ನು ಸುತ್ತಿಕೊಂಡು ಹೋಗುವುದರಿಂದ ಬೈಂಡಿಂಗಿನಲ್ಲಿ ಒಂದೆರಡು ಮಿ.ಮೀ. ಸರಿದರೂ ಕಣ್ಣಿಗೆ ಬೀಳುವುದಿಲ್ಲ.

ಬೆನ್ನಿನ ಅಳತೆ ಹೀಗೆ. 160 ಪುಟದ ಪುಸ್ತಕವೆಂದರೆ 16 ಪುಟದ 10 ಫಾರಂ (ಒಟ್ಟಿಗೆ ಅಚ್ಚಾಗಿ ಮಡಿಸುವ ಪುಟಗಳ ಕಟ್ಟು), ಅಂದರೆ 80 ಹಾಳೆ. ಚದರ ಮೀಟರಿಗೆ 70 ಗ್ರಾಂ ತೂಗುವ (70 ಜಿಎಸ್ಎಂ) ಮ್ಯಾಪ್‌ಲಿಥೊ ಎಂಬ ಅಚ್ಚಿನ ಕಾಗದದ ಒಂದು ಹಾಳೆಯ ದಪ್ಪ ಸುಮಾರು 0.09ರಿಂದ 0.1 ಮಿ.ಮೀ.; ಬೆನ್ನು 7ರಿಂದ 8 ಮಿ.ಮೀ. ಆಯಿತು. ಪುಸ್ತಕದ ಆಕಾರ ಡೆಮಿ 1/8 ಆದರೆ ಪುಟ 140 × 216 ಮಿ.ಮೀ. ಬೆನ್ನು 8 ಎಂದಿಟ್ಟುಕೊಂಡರೆ ಮುಖಪುಟದ ಫೈಲು 140+8+140, ಸುತ್ತಲೂ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು) ಸೇರಿ 294 × 222. ಕಾಗದದ ಮಿಲ್ಲು ಬದಲಾದರೆ ದಪ್ಪವೂ ಬದಲಾಗುತ್ತದೆ. ಹಾಗಾಗಿ ಅದೇ ಕಾಗದದ 80 ಖಾಲಿ ಹಾಳೆ ಒತ್ತಿಹಿಡಿದು ಅಳೆಯದೆ ಫೈಲು ಮುಗಿಸಬಾರದು. ಹೊಲಿಗೆಯಿಲ್ಲದೆ ಅಂಟಿಸುವ ಪರ್ಫೆಕ್ಟ್ ಬೈಂಡಿಂಗಿನಲ್ಲಿ ಬೆನ್ನು ಉಜ್ಜಿ ಅಂಟು ಹಾಕುವಾಗ ಒಳ ಅಂಚಿನ 2–3 ಮಿ.ಮೀ. ಹೋಗುತ್ತದೆ, ಒಳಗಡೆ 20 ಮಿ.ಮೀ.ಗಿಂತ ಕಡಿಮೆ ಬಿಟ್ಟರೆ ಸಾಲಿನ ಕೊನೆ ಓದಲು ಪುಸ್ತಕವನ್ನು ಹಿಸುಕಬೇಕು.

ಒಳಪುಟದಲ್ಲಿ ಕನ್ನಡಕ್ಕೆ ತನ್ನದೇ ತಕರಾರು. ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಪದಗಳ ಒತ್ತಕ್ಷರ ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇಂಗ್ಲಿಷಿನ ಲೆಕ್ಕದಲ್ಲಿ 12 ಪಾಯಿಂಟಿನ ಅಕ್ಷರಕ್ಕೆ ಸಾಲಿಂದ ಸಾಲಿಗೆ 14 ಪಾಯಿಂಟು ಇಟ್ಟರೆ ಸಾಲದು, 17–18 ಬೇಕು. ಪುಟ ಉಳಿಸಲು ಇದನ್ನೇ ಮೊದಲು ಕತ್ತರಿಸುತ್ತಾರೆ, ದುರದೃಷ್ಟ. ಹಳೆಯ ನುಡಿ ಫಾಂಟಿನ ಫೈಲನ್ನು ಯುನಿಕೋಡಿಗೆ ತಂದ ಮೇಲೆ ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಬೇಕು. ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆ ಆರಿಸದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ ಬೀಳುತ್ತವೆ. ಶೀರ್ಷಿಕೆಯನ್ನು ಪ್ರೆಸ್ಸಿಗೆ ಕೊಡುವ ಮುನ್ನ ಕರ್ವ್ಸ್ (ಫಾಂಟ್ ಬೇಡದ ಗೆರೆಚಿತ್ರ) ಮಾಡಿಬಿಡುವುದು ಕ್ಷೇಮ.

ಇನ್ನು ಕೋಟೆಯ ಬಂಡೆಯ ಫೋಟೊ. ಚಿತ್ರದುರ್ಗದ ಯಾವ ಪುಸ್ತಕಕ್ಕೂ ಅದೇ, ಬೇಸರವಾಗುವಷ್ಟು. ಹಾಕಲೇಬೇಕಿದ್ದರೆ ಕಪ್ಪು ಒಂದೇ ಶಾಯಿಯಲ್ಲಿ ಹಾಕಿ. ನಾಲ್ಕು ಬಣ್ಣದಲ್ಲಿ ಬೂದುಗಲ್ಲು ಸ್ವಲ್ಪ ಏರುಪೇರಾದರೂ ಹಸಿರಿಗೋ ಗುಲಾಬಿಗೋ ತಿರುಗುತ್ತದೆ. ಗಾಢ ಬಣ್ಣದ ಮೇಲೆ ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಶನ್ ಬೇಡ, ಉಗುರು ತಾಗಿದ ಗೆರೆಯೂ ಕಾಣುತ್ತದೆ. ಹೊದಿಕೆಯ ಕಾಗದದ ನಾರು ಬೆನ್ನಿಗೆ ಸಮಾಂತರವಾಗಿರಲಿ. ಅಡ್ಡವಾದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ.

64 ಪುಟದ ಕವನ ಸಂಕಲನಕ್ಕೆ ಬೆನ್ನು 3 ಮಿ.ಮೀ. ಮಾತ್ರ. ಅಲ್ಲಿ ಹೆಸರು ತುರುಕುವ ಗೋಜಿಗೆ ಹೋಗದೆ ಖಾಲಿ ಬಿಡಿ, ಇಲ್ಲವೇ ನಡುವೆ ಪಿನ್ ಹೊಡೆಸಿ.